ಅಮ್ಮನಿಗೆ ಎರಡನೇ ಸಲ ಬೋನ್ ಗ್ರಾಫ್ಟ್, ಈ ಸಲ ಗಾಯ ಬಿಚ್ಚಿಕೊಳ್ಳದ ಹಾಗೆ ಏನು ಮಾಡಬೇಕು?

ಬನಶಂಕರಿ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 63 ವರ್ಷ. ಕೆಳಗಿನ ಬಲಗಡೆ ಎರಡು ದವಡೆ ಹಲ್ಲು ಹೋಗಿ ಎಂಟು ವರ್ಷ ಆಯ್ತು. ತೆಗೆದು ಹಾಕುವ ಹಲ್ಲಿನ ಸೆಟ್ ಇದೆ, ಆದರೆ ಊಟ ಮಾಡುವಾಗ ಅಲ್ಲಾಡುತ್ತದೆ, ಅದರ ಕೆಳಗೆ ಅನ್ನದ ಅಗುಳು ಸಿಕ್ಕಿ ನೋಯುತ್ತದೆ. ಹೀಗಾಗಿ ಕಳೆದ ವರ್ಷ ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಸ್ಕ್ರೂ ಥರ ಕೂರಿಸುವ ಹಲ್ಲು, ಹಾಕಿಸಲು ಹೊರಟೆವು. ಸ್ಕ್ಯಾನ್ ಮಾಡಿ, ಮೂಳೆ ಅಗಲ ಸಾಲದು, ಮೊದಲು ಗ್ರಾಫ್ಟ್ ಅಂತ ಕಾಳುಗಳನ್ನು ತುಂಬಿ ಮೂಳೆ ಬೆಳೆಸಬೇಕು, ಐದಾರು ತಿಂಗಳು ಬಿಟ್ಟು ಇಂಪ್ಲಾಂಟ್ ಹಾಕುತ್ತೇವೆ ಅಂದರು. ಒಪ್ಪಿಕೊಂಡೆವು.

ಆಪರೇಷನ್ ಏನೋ ಚೆನ್ನಾಗಿ ಆಯ್ತು. ಒಂಬತ್ತನೇ ದಿನ ನೋಡಿದರೆ ಹೊಲಿಗೆಯ ನಡುವೆ ಗಾಯ ಬಾಯಿ ಬಿಟ್ಟಿತ್ತು. ಒಳಗೆ ಬೆಳ್ಳಗೆ ಏನೋ ಪದರ ಕಾಣುತ್ತಿತ್ತು. ಅಮ್ಮ ಬಾಯಿ ಮುಕ್ಕಳಿಸಿದರೆ ಬನ್ಸಿ ರವೆಯ ಹಾಗೆ ಚೂರುಗಳು ಬರುತ್ತಿದ್ದವು. ಕ್ಲಿನಿಕ್‌ಗೆ ಓಡಿದೆವು. ತೊಳೆದು, ಕೆಲವರಿಗೆ ಹೀಗಾಗುತ್ತದೆ ಅಂತ ಹೇಳಿ ಕಳಿಸಿದರು. ಯಾಕೆ ಆಯ್ತು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ನಾಲ್ಕು ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿದಾಗ ತುಂಬಿದ್ದರಲ್ಲಿ ಹೆಚ್ಚುಕಮ್ಮಿ ಏನೂ ಉಳಿದಿರಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಅಮ್ಮ ಅಷ್ಟು ನೋವು ತಿಂದಿದ್ದು ಸುಮ್ನೆ ಹೋಯ್ತಲ್ಲ ಅಂತ ಸಂಕಟ ಆಗುತ್ತದೆ.

ಈಗ ಬೇರೆ ಡಾಕ್ಟರ್ ಹತ್ತಿರ ಹೋಗಿದ್ದೇವೆ. ಮುಂದಿನ ತಿಂಗಳು ಮತ್ತೆ ಮಾಡೋಣ ಅಂತಿದ್ದಾರೆ. ಅಮ್ಮನಿಗೆ ಹನ್ನೊಂದು ವರ್ಷದಿಂದ ಶುಗರ್ ಇದೆ, ಮಾತ್ರೆ ಮಾತ್ರ, ಇನ್ಸುಲಿನ್ ಇಲ್ಲ. ಹೋದ ತಿಂಗಳು ಎಚ್‌ಬಿಎ1ಸಿ, ಅಂದರೆ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ, 8.3 ಬಂದಿತ್ತು. ಬಿಪಿ ಮಾತ್ರೆ ಇದೆ. ಮಧ್ಯಾಹ್ನ ಊಟ ಆದ ಮೇಲೆ ಎಲೆ ಅಡಿಕೆ ಹಾಕುತ್ತಾರೆ, ಹೊಗೆಸೊಪ್ಪು ಇಲ್ಲ.

ಒಬ್ಬರು ರಕ್ತ ತೆಗೆದು ಪಿಆರ್‌ಎಫ್ ಅಂತ ಹಾಕಿಸಿ ಅಂತಾರೆ. ಇನ್ನೊಬ್ಬರು ಲೇಸರ್ ಅಂತಾರೆ. ಪಕ್ಕದ ಮನೆಯವರು ಲವಂಗದ ಎಣ್ಣೆ, ಅರಿಶಿನ ಅಂತಾರೆ. ಇದರಲ್ಲಿ ನಿಜವಾಗಿ ಗಾಯ ಮಾಯಲು ಸಹಾಯ ಮಾಡುವುದು ಯಾವುದು? ಆಪರೇಷನ್‌ಗೆ ಮುಂಚೆ ಏನು ಮಾಡಬೇಕು, ಆದ ಮೇಲೆ ಏನು ಮಾಡಬಾರದು? ಎರಡು ವಾರ ರಜೆ ಹಾಕಿ ಜೊತೆಯಲ್ಲೇ ಇರುತ್ತೇನೆ. ಗೊತ್ತಿದ್ದವರು ಹೇಳಿ.

ರಾಜಾಜಿನಗರ ಎರಡನೇ ಬ್ಲಾಕ್

ಮೇಡಂ, ನನಗೆ ಎರಡು ವರ್ಷದ ಹಿಂದೆ ಮೇಲಿನ ದವಡೆಗೆ ಆಗಿದೆ, ಸೈನಸ್ ಲಿಫ್ಟ್ ಅಂತಾರೆ, ಮೂಗಿನ ಪಕ್ಕದ ಗಾಳಿ ಗೂಡಿನ ತಳ ಎತ್ತಿ ಅದರ ಕೆಳಗೆ ಗ್ರಾಫ್ಟ್ ತುಂಬುವುದು. ನನ್ನದು ಮೇಲೆ, ನಿಮ್ಮ ತಾಯಿಯದು ಕೆಳಗೆ, ಹಾಗಾಗಿ ಎಲ್ಲಾ ಒಂದೇ ಅಲ್ಲ. ಆದರೂ ನನಗೆ ಕೈ ಹಿಡಿದದ್ದನ್ನು ಹೇಳುತ್ತೇನೆ.

ಮೊದಲ ಎರಡು ದಿನ ಐಸ್. ಒಂದು ಕರ್ಚೀಫಿನಲ್ಲಿ ಸುತ್ತಿ ಕೆನ್ನೆ ಮೇಲೆ ಇಪ್ಪತ್ತು ನಿಮಿಷ ಇಡುವುದು, ಇಪ್ಪತ್ತು ನಿಮಿಷ ಬಿಡುವುದು. ಮೂರನೇ ದಿನ ಬೆಳಿಗ್ಗೆ ಮುಖ ಇನ್ನೂ ಜಾಸ್ತಿ ಊದಿಕೊಂಡಿರುತ್ತದೆ, ಹೆದರಬೇಡಿ, ಊತ ಎರಡು ಮೂರನೇ ದಿನಕ್ಕೇ ತುದಿ ಮುಟ್ಟುವುದು, ಆಮೇಲೆ ಇಳಿಯುತ್ತದೆ. ನನಗೆ ಇದು ಗೊತ್ತಿಲ್ಲದೆ ರಾತ್ರಿ ಹನ್ನೊಂದು ಗಂಟೆಗೆ ಡಾಕ್ಟರಿಗೆ ಫೋನ್ ಮಾಡಿದ್ದೆ, ಅವರು ಬೇಜಾರಿಲ್ಲದೆ ಎಲ್ಲಾ ಹೇಳಿದರು. ತಲೆ ಎತ್ತರ ಮಾಡಿ, ಎರಡು ದಿಂಬು ಹಾಕಿ ಮಲಗಿಸಿ. ಮನೆಗೆ ಬರುವಾಗ ಗಾಡಿ ಮೇಲೆ ಕೂರಿಸಿಕೊಂಡು ಬರಬೇಡಿ, ನಮ್ಮ ರಸ್ತೆಯ ಗುಂಡಿಗಳಲ್ಲಿ ಒಂದೊಂದು ಎತ್ತಾಟಕ್ಕೂ ದವಡೆ ಕಚ್ಚಿಕೊಳ್ಳುತ್ತೇವೆ, ನಮಗೆ ಗೊತ್ತೇ ಆಗುವುದಿಲ್ಲ.

ಸ್ಟ್ರಾ ಹಾಕಿ ಏನೂ ಕುಡಿಯಬಾರದು, ಎಳೆದರೆ ಬಾಯೊಳಗೆ ಎಳೆತ ಬಿದ್ದು ಹೆಪ್ಪು ಕದಲುತ್ತದೆ. ಬೀದಿ ಬದಿ ಎಳನೀರು ಕುಡಿಯುವಾಗ ಅಭ್ಯಾಸ ಬಲದಿಂದ ಸ್ಟ್ರಾಗೆ ಬಾಯಿ ಹಾಕಿಬಿಡುತ್ತೇವೆ ಅಲ್ವಾ, ಮನೆಗೆ ತಂದು ಲೋಟಕ್ಕೆ ಬಗ್ಗಿಸಿ ಕೊಡಿ. ಜೋರಾಗಿ ಉಗುಳುವುದೂ ಬೇಡ. ಬಾಯಿ ಬಗ್ಗಿಸಿದರೆ ತಾನಾಗಿ ಬೀಳಬೇಕು, ಅಷ್ಟೇ.

ಮೇಲಿನ ದವಡೆಗೆ ಮಾಡಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಎರಡು ವಾರ ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆಗೆದು ಸೀನಿ. ನಾನು ಅದೊಂದನ್ನು ಜಪದ ಹಾಗೆ ಪಾಲಿಸಿದೆ.

ಒಸಡು ಡಾಕ್ಟರ್

ನಾನು ಒಸಡಿನ ಚಿಕಿತ್ಸೆಯ ಡಾಕ್ಟರ್, ಪೆರಿಯೊಡಾಂಟಿಸ್ಟ್. ಬಾಯಿ ನೋಡದೆ ನಿಮ್ಮ ತಾಯಿಗೆ ಆಗಿದ್ದು ಇದೇ ಅಂತ ಹೇಳಲು ಆಗುವುದಿಲ್ಲ. ಆದರೆ ಗ್ರಾಫ್ಟ್ ಗಾಯ ಯಾಕೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ಗೊತ್ತಿರುವ ವಿಷಯ, ಅದನ್ನು ನಿಮಗೆ ಆಗಲೇ ಯಾರಾದರೂ ಕೂರಿಸಿಕೊಂಡು ಹೇಳಬೇಕಿತ್ತು.

ಮನೆ ಕಟ್ಟಿಸಿದವರಿಗೆ ಸೆಂಟ್ರಿಂಗ್ ಗೊತ್ತಿರುತ್ತದೆ. ಒಳಗೆ ತುಂಬುವ ಕಾಳುಗಳು ಆ ಸೆಂಟ್ರಿಂಗ್ ಇದ್ದ ಹಾಗೆ, ಆಸರೆ ಮಾತ್ರ. ಮೂಳೆಯನ್ನು ಅಮ್ಮನ ಮೈಯೇ ಕಟ್ಟಬೇಕು. ಮೊದಲು ಕಾಳುಗಳ ಸಂದಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ತೂರಿಕೊಂಡು ಬರುತ್ತವೆ, ಅವುಗಳ ಬೆನ್ನ ಹಿಂದೆಯೇ ಮೂಳೆ ಕಟ್ಟುವ ಜೀವಕೋಶಗಳು ಬರುತ್ತವೆ. ವಾರಗಳು ಕಳೆದ ಮೇಲೆ ಎಳೆ ಮೂಳೆ, ಅದು ಇಂಪ್ಲಾಂಟ್ ತಡೆಯುವಷ್ಟು ಬಲಿಯಲು ಸಾಮಾನ್ಯವಾಗಿ 4ರಿಂದ 6 ತಿಂಗಳು. ಮೋಲ್ಡ್ ಹಾಕಿದ ಮರುದಿನ ಯಾರಾದರೂ ಮೇಲೆ ಓಡಾಡಿದರೆ ಏನಾಗುತ್ತದೆ? ಇಲ್ಲೂ ಅದೇ. ಮೊದಲ ಎರಡು ವಾರ ಒಳಗಿರುವುದು ಅಲುಗಾಡಬಾರದು, ಮೇಲಿನ ಒಸಡು ತೆರೆದುಕೊಳ್ಳಬಾರದು. ನೀವು ಕೇಳಿದ ಪಿಆರ್‌ಎಫ್, ಲೇಸರ್, ಎಣ್ಣೆ ಎಲ್ಲಾ ಇದಾದ ಮೇಲಿನ ಮಾತು.

2006ರಲ್ಲಿ ವಾಂಗ್ ಮತ್ತು ಬೋಯಾಪತಿ ಅನ್ನುವ ಇಬ್ಬರು ಮೂಳೆ ಬೆಳೆಯಲು ನಾಲ್ಕು ವಿಷಯ ಬೇಕು ಅಂತ ಬರೆದರು, ಈಗಲೂ ನಾವೆಲ್ಲಾ ಅದನ್ನೇ ಹಿಡಿದು ಕೆಲಸ ಮಾಡುತ್ತೇವೆ. ಗಾಯ ಪೂರ್ತಿ ಮುಚ್ಚಿರಬೇಕು, ರಕ್ತ ಸಿಗಬೇಕು, ಮೂಳೆಗೆ ಜಾಗ ಉಳಿದಿರಬೇಕು, ಹೆಪ್ಪು ಕದಲಬಾರದು. ಒಳಗೆ ಕಂಡ ಬಿಳಿ ಪದರ ಅಂದಿರಲ್ಲ, ಅದು ಮೆಂಬ್ರೇನ್ ಇರಬೇಕು. ಒಸಡು ಬೇಗ ಬೆಳೆಯುತ್ತದೆ, ಮೂಳೆ ನಿಧಾನ. ಒಸಡು ಒಳಗೆ ನುಗ್ಗಿ ಮೂಳೆಯ ಜಾಗ ಹಿಡಿದುಕೊಳ್ಳದಿರಲಿ ಅಂತ ನಡುವೆ ಅದನ್ನು ಹಾಸುತ್ತಾರೆ.

ಈಗ ಡಾಕ್ಟರ್ ಕೈಯಲ್ಲಿರುವ ಭಾಗ. ಒಳಗೆ ತುಂಬಿದಾಗ ದವಡೆ ದಪ್ಪ ಆಗುತ್ತದೆ, ಮುಚ್ಚಲು ಒಸಡು ಸಾಲುವುದಿಲ್ಲ. ಅದನ್ನು ಒಳಗಿನಿಂದ ಬಿಡಿಸಿ, ಸಡಿಲ ಮಾಡಿ, ತಾನಾಗಿ ಬಂದು ಕೂರುವಂತೆ ಮಾಡಿ ಹೊಲಿಯಬೇಕು. ಹಾಗೆ ಮಾಡದೆ ಎಳೆದು ಹೊಲಿದರೆ ಬಿಗಿ ರವಿಕೆಯ ಹೊಲಿಗೆಯ ಥರ. ಕೂತಾಗ ಸರಿ ಇರುತ್ತದೆ, ಕೈ ಎತ್ತಿದರೆ ಬಿಚ್ಚುತ್ತದೆ. ಅಂಚಿಗೆ ರಕ್ತ ಹೋಗದೆ ಬಿಳಿಚಿಕೊಂಡು ಏಳೆಂಟು ದಿನಕ್ಕೆ ಬಿಟ್ಟುಕೊಳ್ಳುತ್ತದೆ. ಕೆಳದವಡೆಯ ಹಿಂಭಾಗದಲ್ಲಿ ಇದು ಇನ್ನೂ ಕಷ್ಟ, ಗಟ್ಟಿ ಒಸಡು ಅಲ್ಲಿ ಕಡಿಮೆ, ಕೆನ್ನೆಯ ಸ್ನಾಯು ಬೇರೆ ಎಳೆಯುತ್ತಿರುತ್ತದೆ. ಹೊಸ ಡಾಕ್ಟರನ್ನು ನೇರವಾಗಿ ಕೇಳಿ, ಎಳೆತ ಇಲ್ಲದೆ ಮುಚ್ಚುವುದು ಹೇಗೆ, ಮೊದಲು ಅಲ್ಲಿಗೆ ಒಸಡು ಗ್ರಾಫ್ಟ್ ಬೇಕಾಗಬಹುದಾ ಅಂತ. ಇಂಥ ಪ್ರಶ್ನೆ ಕೇಳಿದರೆ ಒಳ್ಳೆಯ ಡಾಕ್ಟರಿಗೆ ಕೋಪ ಬರುವುದಿಲ್ಲ, ಖುಷಿ ಆಗುತ್ತದೆ.

ಎಚ್‌ಬಿಎ1ಸಿ 8.3 ಇಟ್ಟುಕೊಂಡು ಮುಂದಿನ ತಿಂಗಳು ಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಶುಗರ್ ಜಾಸ್ತಿ ಇದ್ದಾಗ ಬಿಳಿ ರಕ್ತಕಣಗಳು ಮಂದ ಆಗುತ್ತವೆ, ಸೋಂಕು ಬೇಗ ಹಿಡಿಯುತ್ತದೆ, ಗಾಯ ಕೂಡಿಸುವ ಕೊಲಾಜೆನ್ ಸರಿಯಾಗಿ ತಯಾರಾಗುವುದಿಲ್ಲ. ಶುಗರ್ ಡಾಕ್ಟರನ್ನು ಕಂಡು 7ರ ಹತ್ತಿರಕ್ಕೆ ತನ್ನಿ. ಆ ಪರೀಕ್ಷೆ ಸುಮಾರು ಮೂರು ತಿಂಗಳ ಲೆಕ್ಕ ಹೇಳುತ್ತದೆ, ಹಾಗಾಗಿ ಇಳಿದಿದ್ದು ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ತಡವಾದರೆ ಮೂಳೆ ಇನ್ನೂ ಕರಗುತ್ತದಾ ಅಂತ ಭಯ ಬೇಡ. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಆ ಜಾಗದ ಅಗಲ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ, ಅದರಲ್ಲೂ ಮೂರರಲ್ಲಿ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ. ಅಮ್ಮನದು ಎಂಟು ವರ್ಷ ಹಳೆಯದು. ಕರಗುವುದರಲ್ಲಿ ಹೆಚ್ಚಿನದು ಎಂದೋ ಕರಗಿದೆ. ಮೂರು ತಿಂಗಳಿಗೆ ನಷ್ಟ ಏನೂ ಇಲ್ಲ. ಅದೇ ಹೊತ್ತಿನಲ್ಲಿ ವಿಟಮಿನ್ ಡಿ ಕೂಡ ನೋಡಿಸಿ, ಕಡಿಮೆ ಇದ್ದರೆ ಸರಿ ಮಾಡಿಕೊಳ್ಳಿ. ಉಳಿದ ಹಲ್ಲುಗಳ ಒಸಡು ಸ್ವಚ್ಛ ಮಾಡಿಸಿ.

ಪಿಆರ್‌ಎಫ್ ಬಗ್ಗೆ. 2001ರಲ್ಲಿ ಫ್ರಾನ್ಸ್‌ನ ಶೂಕ್ರೂನ್ ಮತ್ತು ಜೊತೆಗಾರರು ತಂದ ವಿಧಾನ ಇದು. ತೋಳಿನಿಂದ ಸುಮಾರು 10 ಎಂಎಲ್‌ನ ಕೊಳವೆಗಳಿಗೆ ರಕ್ತ ತೆಗೆದು, ಹೆಪ್ಪುಗಟ್ಟದ ಹಾಗೆ ತಡೆಯುವ ಔಷಧಿ ಏನೂ ಬೆರೆಸದೆ ಹತ್ತು ಹನ್ನೆರಡು ನಿಮಿಷ ಯಂತ್ರದಲ್ಲಿ ತಿರುಗಿಸುತ್ತಾರೆ. ನಡುವೆ ತಿಳಿ ಹಳದಿ ಬಣ್ಣದ ಜೆಲ್ಲಿ ಥರ ಒಂದು ಗಟ್ಟಿ ನಿಲ್ಲುತ್ತದೆ. ಅದನ್ನು ಒತ್ತಿ ಹಾಳೆ ಮಾಡಿ ಗಾಯದ ಮೇಲೆ ಹೊದಿಸುತ್ತಾರೆ. ಅದರಲ್ಲಿರುವ ಪ್ಲೇಟ್‌ಲೆಟ್‌ಗಳು ಕೆಲವು ದಿನ ಬೆಳವಣಿಗೆಯ ಅಂಶಗಳನ್ನು ಬಿಡುತ್ತಾ ಇರುತ್ತವೆ. ಒಸಡು ಕೂಡಲು, ನೋವು ಕಡಿಮೆ ಆಗಲು ಸಹಾಯ ಆಗುತ್ತದೆ, ನಾನೂ ಹಾಕುತ್ತೇನೆ. ಅದರಿಂದ ಮೂಳೆ ಜಾಸ್ತಿ ಬೆಳೆಯುತ್ತದೆ ಅನ್ನುವುದಕ್ಕೆ ಪುರಾವೆ ಅಷ್ಟು ಗಟ್ಟಿ ಇಲ್ಲ. ಅಮ್ಮನ ರಕ್ತವೇ ಆದ್ದರಿಂದ ಅಪಾಯ ಕಡಿಮೆ, ಹಾಕಿಸಿ. ಆದರೆ ಎಳೆದು ಹೊಲಿದ ಗಾಯವನ್ನಾಗಲಿ, 8.3 ಶುಗರನ್ನಾಗಲಿ ಪಿಆರ್‌ಎಫ್ ಕಾಪಾಡುವುದಿಲ್ಲ. ಲೇಸರ್ ಇಲ್ಲದಿದ್ದರೂ ನಡೆಯುತ್ತದೆ. ಲವಂಗದ ಎಣ್ಣೆ ಹಸಿ ಗಾಯವನ್ನು ಸುಡುತ್ತದೆ, ಅರಿಶಿನದ ಪುಡಿ ಹೊಲಿಗೆಯ ಸಂದಿಗೆ ಹೋಗಿ ಕೂರುತ್ತದೆ, ಎರಡೂ ಬೇಡ.

ಎಲೆ ಅಡಿಕೆ ಪೂರ್ತಿ ನಿಲ್ಲಿಸಲಿ. ಅಡಿಕೆ ಒಳಚರ್ಮವನ್ನು ಬಿರುಸು ಮಾಡುತ್ತದೆ, ಸುಣ್ಣ ಸುಡುತ್ತದೆ, ಅಡಿಕೆ ಚೂರು ಹೊಲಿಗೆಗೆ ಚುಚ್ಚುತ್ತದೆ. ಬೀಡಿ ಸಿಗರೇಟು ಸೇದುವವರಾದರೆ ಕಡಿಮೆ ಅಂದರೆ ಒಂದು ವಾರ ಮೊದಲೇ ಬಿಟ್ಟು, ಆಮೇಲೆ ಎಂಟು ವಾರ ಮುಟ್ಟಬಾರದು. ನಿಕೋಟಿನ್ ರಕ್ತನಾಳ ಬಿಗಿ ಹಿಡಿಯುತ್ತದೆ, ಆಗ ಒಸಡಿನ ಅಂಚಿಗೆ ಜೀವ ಸಾಲುವುದಿಲ್ಲ.

ನೀವು ಎರಡು ವಿಷಯ ಬರೆದಿಲ್ಲ. ಹೋದ ಸಲ ಆಪರೇಷನ್ ಆದ ಮೇಲೆ ಆ ತೆಗೆದು ಹಾಕುವ ಸೆಟ್ ಎಲ್ಲಿತ್ತು? ಮತ್ತೆ, ಮೂಳೆ ಸವೆತಕ್ಕೆ ಅಂತ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ಏನಾದರೂ ತೆಗೆದುಕೊಳ್ಳುತ್ತಿದ್ದಾರಾ? ಆ ಔಷಧಿಗಳು ಇದ್ದರೆ ದವಡೆಯ ಮೂಳೆ ಮಾಯುವುದೇ ಬೇರೆ ಥರ, ಕೆಲವೊಮ್ಮೆ ಮೂಳೆ ಸತ್ತು ಹೊರಗೆ ಬರುತ್ತದೆ. 2003ರಿಂದ ಇದು ಗೊತ್ತಾಗಿದೆ. ಈ ವಯಸ್ಸಿನ ಹೆಂಗಸರನ್ನು ನಾನು ಇದನ್ನು ಕೇಳದೆ ಕತ್ತಿ ಮುಟ್ಟುವುದಿಲ್ಲ.

ಗಿರಿನಗರ

ನಿಮ್ಮ ಮನೆಯಲ್ಲಿ ಸಸ್ಯಾಹಾರ, ಮಡಿ ಆಚಾರ ಇದ್ದರೆ ಗ್ರಾಫ್ಟ್ ಯಾವುದರಿಂದ ಮಾಡಿದ್ದು ಅಂತ ಮೊದಲೇ ಕೇಳಿ. ನಮ್ಮ ತಂದೆಗೆ ಆದ ಮೇಲೆ ಗೊತ್ತಾಯ್ತು, ಅವರು ಎಷ್ಟು ನೊಂದುಕೊಂಡರು ಅಂದರೆ ಎರಡು ದಿನ ಊಟ ಬಿಟ್ಟರು. ಜಾಸ್ತಿ ಬಳಸುವುದು ಹಸುವಿನ ಮೂಳೆಯದು, ಅದರಲ್ಲಿ ಜೀವದ ಅಂಶ ಎಲ್ಲಾ ತೆಗೆದು ಖನಿಜ ಮಾತ್ರ ಉಳಿಸಿರುತ್ತಾರೆ. ಮೇಲೆ ಹಾಸುವ ಮೆಂಬ್ರೇನ್ ಎಷ್ಟೋ ಸಲ ಹಂದಿಯ ಕೊಲಾಜೆನ್. ಬೇಡ ಅಂದರೆ ಬೇರೆ ದಾರಿ ಇದೆ. ಕಾರ್ಖಾನೆಯಲ್ಲಿ ಮಾಡಿದ ಕ್ಯಾಲ್ಸಿಯಂ ಫಾಸ್ಫೇಟ್ ಕಾಳು ಬರುತ್ತದೆ. ದಾನಿಗಳ ಮೂಳೆಯನ್ನು ಶುದ್ಧ ಮಾಡಿ ಕೊಡುವ ಟಿಶ್ಯೂ ಬ್ಯಾಂಕ್ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿದೆ. ಅಮ್ಮನ ದವಡೆಯ ಹಿಂಭಾಗದಿಂದಲೇ ಸ್ವಲ್ಪ ಮೂಳೆ ಕೆರೆದು ತೆಗೆಯಲೂ ಆಗುತ್ತದೆ. ಹೇಳಿ ಒಪ್ಪಿಗೆ ತೆಗೆದುಕೊಳ್ಳುವುದು ಡಾಕ್ಟರ ಕರ್ತವ್ಯ, ಕೇಳುವುದಕ್ಕೆ ಸಂಕೋಚ ಬೇಡ.

ಇನ್ನೊಂದು ಡಾಕ್ಟರ ಅಭಿಪ್ರಾಯ ಬೇಕು ಅನ್ನಿಸಿದರೆ ಬೆಂಗಳೂರಿನ ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜಿಗೆ ಹೋಗಿ. ಬನಶಂಕರಿಯಿಂದ ಹಸಿರು ಲೈನ್ ಮೆಟ್ರೊ ಹತ್ತಿ ಮಾರ್ಕೆಟ್‌ನಲ್ಲಿ ಇಳಿದರೆ ಹತ್ತಿರ. ಬೆಳಿಗ್ಗೆ ಬೇಗ ಹೋಗಿ, ಹಳೆಯ ಸ್ಕ್ಯಾನ್ ಎರಡನ್ನೂ ತೆಗೆದುಕೊಂಡು ಹೋಗಿ.

ಬನಶಂಕರಿ ಮಗಳು

ಡಾಕ್ಟರ್, ನೀವು ಕೇಳಿದ ಪ್ರಶ್ನೆ ಓದಿ ಕೈ ನಡುಗಿತು.

ಮೂಳೆ ಸವೆತದ ಮಾತ್ರೆ, ಇಂಜೆಕ್ಷನ್ ಯಾವುದೂ ಇಲ್ಲ, ಎಲ್ಲಾ ಚೀಟಿ ತೆಗೆದು ನೋಡಿದೆ, ಕ್ಯಾಲ್ಸಿಯಂ ಮಾತ್ರ ಇದೆ. ಆದರೆ ಸೆಟ್. ಆರನೇ ದಿನ ನಮ್ಮ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ ಇತ್ತು. ಹಲ್ಲಿಲ್ಲದೆ ಹೇಗೆ ಎಲ್ಲರೆದುರು ಹೋಗುವುದು ಅಂತ ಅಮ್ಮ ಸೆಟ್ ಹಾಕಿಕೊಂಡರು. ನಾನೇ ಡಬ್ಬಿಯಿಂದ ತೆಗೆದು ಕೊಟ್ಟೆ. ಆಮೇಲೆ ನೋವೇನೂ ಇಲ್ಲ ಅಂತ ಮುಂದಿನ ಎರಡು ದಿನವೂ ಹಾಕಿಕೊಂಡರು. ಹಾಕಬಾರದು ಅಂತ ನಮಗೆ ಯಾರೂ ಹೇಳಿರಲಿಲ್ಲ, ಕೊಟ್ಟ ಚೀಟಿಯಲ್ಲಿ ಮಾತ್ರೆ ಹೆಸರು ಬಿಟ್ಟು ಬೇರೆ ಏನೂ ಇರಲಿಲ್ಲ.

ಇನ್ನೊಂದೂ ಹೇಳಿಬಿಡುತ್ತೇನೆ. ಅಣ್ಣ ಪುಣೆಯಲ್ಲಿದ್ದಾನೆ. ಅವನಿಗೆ ಕಳಿಸಲು ದಿನಾ ಬೆಳಿಗ್ಗೆ ಅಮ್ಮನ ಕೆನ್ನೆಯನ್ನು ಬೆರಳಿನಿಂದ ಎಳೆದು ಹಿಡಿದು, ಮೊಬೈಲ್ ಟಾರ್ಚ್ ಹಾಕಿ ಫೋಟೊ ತೆಗೆಯುತ್ತಿದ್ದೆ. ಹೊಲಿಗೆಯ ಮೇಲೆ ಬೆಳ್ಳಗೆ ಕೂತಿದ್ದನ್ನು ಕೀವು ಅಂದುಕೊಂಡು ಹತ್ತಿಯಲ್ಲಿ ಎರಡು ಸಲ ಒರೆಸಿದೆ ಕೂಡ. ಇದರಿಂದಲೂ ಆಯ್ತಾ?

ಒಸಡು ಡಾಕ್ಟರ್

ಮೊದಲು ಒಂದು ಮಾತು. ತಪ್ಪು ನಿಮ್ಮದಲ್ಲ. ಸೆಟ್ ಹಾಕಬಾರದು ಅನ್ನುವುದನ್ನು ಬಾಯಲ್ಲಿ ಹೇಳಿ, ಬರೆದೂ ಕೊಟ್ಟು ಕಳಿಸಬೇಕಿತ್ತು. ನಾನು ಆಪರೇಷನ್‌ಗೆ ಮುಂಚೆಯೇ ಸೆಟ್ ಇಸಿದುಕೊಂಡು, ಗ್ರಾಫ್ಟ್ ಮೇಲೆ ಬರುವ ಭಾಗವನ್ನು ಉಜ್ಜಿ ತೆಗೆದು, ಯಾವ ದಿನ ವಾಪಸ್ ಹಾಕಬಹುದು ಅಂತ ನಾನೇ ಹೇಳುತ್ತೇನೆ.

ಆರನೇ ದಿನ ಸೆಟ್, ಒಂಬತ್ತನೇ ದಿನ ಗಾಯ ಬಾಯಿ ಬಿಟ್ಟಿದ್ದು. ಲೆಕ್ಕ ಹೊಂದುತ್ತದೆ. ಆ ಹೊತ್ತಿಗೆ ಒಸಡಿನ ಎರಡು ಅಂಚು ಅಂಟಿಕೊಂಡಿರುತ್ತವೆ ಅಷ್ಟೇ, ಬಲ ಬಂದಿರುವುದಿಲ್ಲ. ಸೆಟ್ ಅಲ್ಲಿ ಕೂತರೆ ಪ್ರತಿ ಸಲ ಬಾಯಿ ಮುಚ್ಚಿದಾಗಲೂ ಒತ್ತುತ್ತದೆ. ಒತ್ತಿದ ಕಡೆ ರಕ್ತ ನಿಲ್ಲುತ್ತದೆ. ನೋವು ಗೊತ್ತಾಗದಿರುವುದೇ ಇದರಲ್ಲಿ ಮೋಸ, ಶುಗರ್ ಇರುವವರಿಗೆ ಅದು ಇನ್ನೂ ಕಡಿಮೆ ಗೊತ್ತಾಗಬಹುದು. ಕಡಿಮೆ ಅಂದರೂ ಎರಡು ವಾರ ಸೆಟ್ ಬಾಯಿಗೆ ಹೋಗಬಾರದು. ಆಮೇಲೂ ಡಾಕ್ಟರ್ ಆ ಭಾಗ ಉಜ್ಜಿ, ಒಳಗೆ ಮೆತ್ತನೆಯ ಪದರ ಹಾಕಿಕೊಟ್ಟ ಮೇಲೇ. ನಡುವೆ ಏನೇ ಸಮಾರಂಭ ಬಂದರೂ ಮಾಸ್ಕ್ ಹಾಕಿಕೊಂಡು ಹೋಗಿ ಬರಲಿ.

ಬೆಳ್ಳಗೆ ಕೂತಿದ್ದು ಬಹುಶಃ ಫೈಬ್ರಿನ್. ಮೊಣಕಾಲು ತರಚಿದರೆ ಹೊರಗೆ ಒಣಗಿ ಕಂದು ಹೊಪ್ಪಳೆ ಆಗುತ್ತದಲ್ಲ, ಬಾಯಲ್ಲಿ ಯಾವಾಗಲೂ ಒದ್ದೆ ಇರುವುದರಿಂದ ಅದೇ ಮೆತ್ತಗೆ ಬೆಳ್ಳಗೆ ಕಾಣುತ್ತದೆ. ಒರೆಸಬೇಡಿ. ಕೀವಾದರೆ ಒತ್ತಿದಾಗ ಜಿನುಗುತ್ತದೆ, ಬಾಯಿಗೆ ಕೆಟ್ಟ ರುಚಿ ಬರುತ್ತದೆ, ಇಳಿದಿದ್ದ ಊತ ನಾಲ್ಕೈದು ದಿನದ ಮೇಲೆ ಮತ್ತೆ ಏರುತ್ತದೆ, ಜ್ವರ ಬರಬಹುದು. ಆಗ ಕಾಯದೆ ಅವತ್ತೇ ಹೋಗಿ. ಕೆಳದುಟಿ ಮರಗಟ್ಟಿದ್ದು ಮರುದಿನಕ್ಕೂ ಬಿಡದಿದ್ದರೆ, ಹತ್ತಿ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಕೂಡ. ಮೊದಲ ಒಂದೆರಡು ದಿನ ಒಂದೆರಡು ಕಾಳು ಬಂದರೆ ಗಾಬರಿ ಬೇಡ.

ಫೋಟೊ ಬೇಡ. ಕೆನ್ನೆ ಎಳೆದರೆ ಹೊಲಿಗೆ ಸಾಲು ನೇರ ಎಳೆತಕ್ಕೆ ಬೀಳುತ್ತದೆ. ಅಮ್ಮನಿಗೂ ನಾಲಿಗೆಯಲ್ಲಿ ಸವರಿ ನೋಡುವ ಆಸೆ ಆಗುತ್ತದೆ, ಬೇಡ ಅಂತ ಹೇಳಿ. ನೋಡಲೇಬೇಕಾದರೆ ನಾನು ನೋಡುತ್ತೇನೆ, ಐದನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ, ಹದಿನಾಲ್ಕಕ್ಕೆ ಹೊಲಿಗೆ ಬಿಚ್ಚಲು. ನಿಮ್ಮ ಡಾಕ್ಟರಿಂದಲೂ ಇಂಥ ದಿನಗಳನ್ನು ಮೊದಲೇ ಬರೆಸಿಕೊಳ್ಳಿ.

ಸ್ವಚ್ಛತೆ ಬಗ್ಗೆ ಯಾರೂ ಕೇಳಲಿಲ್ಲ, ಅದೂ ಮುಖ್ಯ. ಮೊದಲ ದಿನ ಏನೂ ಮುಕ್ಕಳಿಸಬಾರದು. 24 ಗಂಟೆ ಆದ ಮೇಲೆ ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ಮೌತ್‌ವಾಶ್, ದಿನಕ್ಕೆ ಎರಡು ಸಲ. ಬಾಯಿಗೆ ಹಾಕಿಕೊಂಡು ಕೆನ್ನೆ ಉಬ್ಬಿಸಿ ಗಲಗಲ ಮಾಡುವುದಲ್ಲ, ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ, ಬಗ್ಗಿ ಬಿಡುವುದು. ಟೂತ್‌ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಇದನ್ನು ಹಾಕಿದರೆ ಕೆಲಸ ಮಾಡುವುದಿಲ್ಲ, ಅರ್ಧ ಗಂಟೆ ಬಿಡಿ. ಎರಡು ವಾರಕ್ಕಿಂತ ಜಾಸ್ತಿ ಬೇಡ, ಹಲ್ಲು ಕಂದು ಆಗುತ್ತದೆ, ರುಚಿ ಕೆಡುತ್ತದೆ. ಕಾಫಿ ಜಾಸ್ತಿ ಕುಡಿಯುವವರಿಗೆ ಕಲೆ ಇನ್ನೂ ಬೇಗ. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಲಿ. ಗಾಯ ಇದೆ ಅಂತ ಪೂರ್ತಿ ಬಾಯಿಯನ್ನೇ ಬಿಟ್ಟರೆ ಅಲ್ಲಿನ ಕೊಳೆಯೇ ಗಾಯಕ್ಕೆ ಬರುತ್ತದೆ.

ಉತ್ತರಹಳ್ಳಿ ಅತ್ತೆ

ಮಗಳೇ, ಊಟದ ವಿಷಯ ನಾನು ಹೇಳುತ್ತೇನೆ. ನಮ್ಮ ಯಜಮಾನರಿಗೆ ಇದೇ ಆಗಿತ್ತು, ಶುಗರೂ ಇದೆ, ನೋಡಿಕೊಂಡವಳು ನಾನು.

ಮೆತ್ತಗಿರಲಿ ಅಂತ ಮೊದಲ ಮೂರು ದಿನ ಬರೀ ಅನ್ನದ ಗಂಜಿ, ಬಾಳೆಹಣ್ಣು, ಜ್ಯೂಸ್ ಕೊಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಮನೆಯ ಮಿಷನ್‌ನಲ್ಲಿ ನೋಡಿದರೆ ಶುಗರ್ 290. ಗಂಜಿ ಮೆತ್ತಗಿದೆ, ಆದರೆ ಶುಗರ್ ನೇರ ಏರಿಸುತ್ತದೆ ಕಣಮ್ಮ. ಆಮೇಲೆ ಬದಲಾಯಿಸಿದೆ. ಬೆಳಿಗ್ಗೆ ತೆಳ್ಳಗೆ ಶೋಧಿಸಿದ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಸ್ವಲ್ಪವೇ. ಮಧ್ಯಾಹ್ನ ತೊಗರಿ ಬೇಳೆ ನುಣ್ಣಗೆ ಮಸೆದ ತೊವ್ವೆ ಜಾಸ್ತಿ, ಅನ್ನ ಎರಡು ಚಮಚ. ಸಾಯಂಕಾಲ ಪನೀರನ್ನು ಹಾಲಿನಲ್ಲಿ ಮಿಕ್ಸಿಗೆ ಹಾಕಿ. ರಾತ್ರಿ ಹೆಸರು ಬೇಳೆ ಕಟ್ಟು, ಮೊಸರು. ಮೊಟ್ಟೆ ತಿನ್ನುವ ಮನೆಯಾದರೆ ಮೆತ್ತಗೆ ಬೇಯಿಸಿದ ಮೊಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಗಾಯ ಕೂಡಲು ಬೇಳೆ, ಹಾಲು, ಮೊಟ್ಟೆಯ ಸತ್ವ ಬೇಕು, ಬರೀ ಗಂಜಿ ಸಾಲದು ಅಂತ ಡಾಕ್ಟರಮ್ಮನೂ ಹೇಳಿದ್ದರು. ಇನ್ನೊಂದು ಎಚ್ಚರ, ಊಟ ಕಡಿಮೆ ಆಗಿ ಶುಗರ್ ಮಾತ್ರೆ ಮಾತ್ರ ಹಾಗೇ ನುಂಗಿದರೆ ಶುಗರ್ ತೀರಾ ಇಳಿದು ತಲೆ ಸುತ್ತುತ್ತದೆ. ಆ ವಾರ ಮಾತ್ರೆ ಎಷ್ಟು ಅಂತ ಶುಗರ್ ಡಾಕ್ಟರನ್ನು ಮೊದಲೇ ಕೇಳಿಟ್ಟುಕೋ.

ಒಗ್ಗರಣೆ ಹಾಕಬೇಡ. ಇದು ಯಾರೂ ಹೇಳುವುದಿಲ್ಲ. ಮೊಸರನ್ನಕ್ಕೆ ಕೈ ತಾನಾಗಿ ಸಾಸಿವೆ ಒಗ್ಗರಣೆಗೆ ಹೋಗುತ್ತದೆ. ಒಂದು ಸಾಸಿವೆ ಕಾಳು ಹೊಲಿಗೆ ಸಂದಿಗೆ ಸೇರಿ, ಐದು ದಿನ ಅಲ್ಲೇ ಇತ್ತು, ಸುತ್ತ ಕೆಂಪಗಾಗಿ ಡಾಕ್ಟರಮ್ಮ ಚಿಮಟಿಗೆಯಲ್ಲಿ ತೆಗೆದರು. ಎಳ್ಳು, ಜೀರಿಗೆ, ಟೊಮ್ಯಾಟೊ ಬೀಜ, ಸೀಬೆ ಬೀಜ ಎಲ್ಲಾ ಅದೇ ಕಥೆ. ಎಲ್ಲವನ್ನೂ ಜರಡಿಯಲ್ಲಿ ಶೋಧಿಸು. ಬಿಸಿ ಬೇಡ, ಕೈ ತಾಗಿಸಿದರೆ ಬೆಚ್ಚಗೆ ಅನ್ನಿಸುವಷ್ಟು ಸಾಕು. ಹತ್ತು ದಿನದ ಮೇಲೆ ಸಣ್ಣ ಸಣ್ಣ ತುತ್ತು ಮುದ್ದೆ ಕೊಟ್ಟೆ. ಅಗಿಯುವ ಕೆಲಸ ಇಲ್ಲ, ತಿಳಿ ಸಾರಿನಲ್ಲಿ ಅದ್ದಿ ನುಂಗುವುದು, ಅವರಿಗೆ ಹೊಟ್ಟೆ ತುಂಬಿದ ಹಾಗಾಯ್ತು. ಚಕ್ಕುಲಿ, ಕೋಡುಬಳೆ ಡಬ್ಬಿಗಳನ್ನು ಅಟ್ಟಕ್ಕೆ ಹಾಕು, ಕಣ್ಣಿಗೆ ಬಿದ್ದರೆ ಗಂಡಸರಾಗಲಿ ಹೆಂಗಸರಾಗಲಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಅಮ್ಮನಿಗೆ ಧೈರ್ಯ ಹೇಳು. ನಮ್ಮವರು ಈಗ ಆ ಕಡೆಯಲ್ಲೇ ನಿಪ್ಪಟ್ಟು ಅಗಿಯುತ್ತಾರೆ.

ಬನಶಂಕರಿ ಮಗಳು

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಹೇಳಬೇಕು ಅನ್ನಿಸಿತು.

ಆಪರೇಷನ್ ಮುಂದಕ್ಕೆ ಹಾಕಿದೆವು. ಶುಗರ್ ಡಾಕ್ಟರ್ ಮಾತ್ರೆ ಬದಲಾಯಿಸಿದರು, ಅಮ್ಮ ಸಾಯಂಕಾಲ ಪಾರ್ಕಿನಲ್ಲಿ ನಡೆಯಲು ಶುರು ಮಾಡಿದರು, ಎಚ್‌ಬಿಎ1ಸಿ 7.1ಕ್ಕೆ ಬಂತು. ವಿಟಮಿನ್ ಡಿ ತುಂಬಾ ಕಡಿಮೆ ಇತ್ತು, ವಾರಕ್ಕೊಂದು ಪುಡಿ ಕೊಟ್ಟು ಸರಿ ಮಾಡಿದರು. ಎಲೆ ಅಡಿಕೆ ಬಿಡುವುದು ಕಷ್ಟವಾಯ್ತು. ತಟ್ಟೆಯನ್ನು ಕೊನೆಗೆ ಅಮ್ಮನೇ ತೊಳೆದು ಒಳಗಿಟ್ಟರು.

ಎಳೆಯದೆ ಹೇಗೆ ಮುಚ್ಚುತ್ತೀರಿ ಅಂತ ಹೊಸ ಡಾಕ್ಟರನ್ನು ಕೇಳಿದೆ. ಅವರು ಕಾಗದದ ಮೇಲೆ ಪೆನ್ನಿನಲ್ಲಿ ಬರೆದು ತೋರಿಸಿದರು, ಒಸಡಿನ ಒಳಪದರದಲ್ಲಿ ಸಣ್ಣ ಗೀರು ಹಾಕಿದರೆ ಅದು ಹೇಗೆ ಮುಂದೆ ಬರುತ್ತದೆ ಅಂತ. ಆ ಕಾಗದ ನನ್ನ ಹತ್ತಿರವೇ ಇದೆ. ಕಾರ್ಖಾನೆಯ ಕಾಳು ಮತ್ತು ಅಮ್ಮನ ಸ್ವಂತ ಮೂಳೆಯ ಚೂರು ಬೆರೆಸಿದರು, ಮೇಲೆ ಪಿಆರ್‌ಎಫ್. ಸೆಟ್ಟನ್ನು ಅವರೇ ಇಸಿದುಕೊಂಡು ಬೀರುವಿನಲ್ಲಿಟ್ಟುಕೊಂಡರು.

ಹದಿನಾಲ್ಕು ದಿನ ಒಂದೇ ಒಂದು ಫೋಟೊ ತೆಗೆಯಲಿಲ್ಲ. ಅಣ್ಣ ಮೂರು ಸಲ ಕೇಳಿದ, ಇಲ್ಲ ಅಂದೆ. ಒಗ್ಗರಣೆ ಸೌಟನ್ನು ಎತ್ತಿಟ್ಟೆ ಅತ್ತೆ, ನಿಮ್ಮ ಮಾತು ದಿನಾ ನೆನೆದೆ. ಎಂಟು, ಒಂಬತ್ತನೇ ದಿನ ಇಬ್ಬರಿಗೂ ನಿದ್ದೆ ಇರಲಿಲ್ಲ. ಹತ್ತಕ್ಕೆ ಡಾಕ್ಟರ್ ನೋಡಿ ಮುಚ್ಚಿಕೊಂಡಿದೆ ಅಂದರು. ಮೊನ್ನೆ ಹೊಲಿಗೆ ಬಿಚ್ಚಿದರು, ಕಪ್ಪು ದಾರದ ಏಳು ಚೂರು, ಅಮ್ಮ ಎಣಿಸಿದರು. ಕನ್ನಡಿಯಲ್ಲಿ ತೋರಿಸಿದಾಗ ಒಸಡು ತಿಳಿ ಗುಲಾಬಿ, ನಡುವೆ ಸಣ್ಣದೊಂದು ಗೆರೆ ಅಷ್ಟೇ. ಅಮ್ಮ ಕನ್ನಡಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಸೆಟ್ ಇನ್ನೂ ಎರಡು ವಾರ ಡಾಕ್ಟರ್ ಹತ್ತಿರವೇ ಇರುತ್ತದೆ. ಸ್ಕ್ಯಾನ್ ಐದು ತಿಂಗಳಿಗೆ. ಮೂಳೆ ಎಷ್ಟು ಬಂದಿದೆ ಅಂತ ಆಗ ಇಲ್ಲೇ ಬರೆಯುತ್ತೇನೆ.